ಸಲಹೆ ಪುಕ್ಕಟೆ, ಲೆಕ್ಕ ಅಂಗಡಿಯವರದು

ಸಣ್ಣ ಅಂಗಡಿಯವರಿಗೆ ಸಲಹೆ ಕೊಡುವಷ್ಟು ಸುಲಭದ ಕೆಲಸ ನಮ್ಮ ಊರಲ್ಲಿ ಇನ್ನೊಂದಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಧಾರವಾಡದ ಸುಭಾಷ ರಸ್ತೆಯವರೆಗೆ ಯಾವ ಅಂಗಡಿಯ ಮುಂದೆ ನಿಂತರೂ ಸಲಹೆಗಾರರು ಬಂದು ಹೋದ ಗುರುತು ಕಾಣುತ್ತದೆ. ತಕ್ಕಡಿಯ ಪಕ್ಕ ಎರಡು ಮೂರು ಕಂಪನಿಗಳ ಕ್ಯೂಆರ್ ಫಲಕ, ಅದರ ಹಿಂದೆ ಹಣ ಬಂದಾಗ ಕೂಗಿ ಹೇಳುವ ಡಬ್ಬಿ, ಗಲ್ಲೆಯ ಮೇಲೆ ಬ್ಯಾಂಕಿನವರು ಅಂಟಿಸಿದ ಸ್ಟಿಕರ್. ಡಿಜಿಟಲ್ ಆಗಿ, ಆನ್‌ಲೈನ್‌ಗೆ ಬನ್ನಿ, ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕಿ, ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಳ್ಳಿ. ಹೀಗೆ ಹೇಳಿದವರೆಲ್ಲ ತಮ್ಮ ತಿಂಗಳ ಟಾರ್ಗೆಟ್ ಮುಗಿಸಿ ಮುಂದಿನ ಓಣಿಗೆ ಹೋಗಿದ್ದಾರೆ. ಅವರ ಮಾತಿನಿಂದ ಹುಟ್ಟಿದ ಲೆಕ್ಕ ಮಾತ್ರ ಅಂಗಡಿಯವರ ಹೆಸರಿನಲ್ಲಿ ಉಳಿದಿದೆ.

ನನ್ನ ತಕರಾರು ಎರಡು. ಒಂದು ಸಾಧನವನ್ನು ಹೇಗೆ ಬಳಸಬೇಕೆಂದು ಹೇಳಿ, ಅದು ಏನನ್ನು ದಾಖಲಿಸುತ್ತದೆ, ಆ ದಾಖಲೆಯನ್ನು ಯಾರು ಓದುತ್ತಾರೆ, ಎಷ್ಟು ದಾಟಿದರೆ ಯಾವ ಕಾನೂನು ತಾಗುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ಅದು ಬರೀ ಜಾಹೀರಾತು. ಅದನ್ನು ಸಲಹೆ ಎಂದು ಕರೆಯಬಾರದು. ಇದು ಮೊದಲನೆಯದು. ಎರಡನೆಯದು ನನ್ನದೇ ಬಳಗದ ಮೇಲೆ. ಈ ಸಂಗತಿಗಳನ್ನು ತಿಳಿಯುವ ಕನ್ನಡದಲ್ಲಿ ಬರೆಯುವುದು ಕನ್ನಡ ಓದಿದವರ ಕೆಲಸ. ಕನ್ನಡ ವಿಭಾಗಗಳು ಅದನ್ನು ತಮ್ಮ ಕೆಲಸವೆಂದು ಒಪ್ಪಿಕೊಂಡೇ ಇಲ್ಲ.

ಮೊದಲು ನಡೆದದ್ದನ್ನು ನೆನಪು ಮಾಡಿಕೊಳ್ಳೋಣ. ಯುಪಿಐ ಬಂದದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಅಂಗಡಿಯವರನ್ನು ಅದರ ಕಡೆಗೆ ತಳ್ಳಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಯಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳು ಶುಲ್ಕ ಕೊಡಬೇಕಾಗಿಲ್ಲ ಎಂದಾಯಿತು. ಅದೇ ವರ್ಷ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಪಿಎಂ ಸ್ವನಿಧಿ ಸಾಲ ಯೋಜನೆ ಬಂದಾಗ, ಡಿಜಿಟಲ್ ವಹಿವಾಟು ಮಾಡಿದವರಿಗೆ ವರ್ಷಕ್ಕೆ 1,200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಎಂದರು. ಅಂದರೆ ಗಾಡಿಯವನು ಕ್ಯೂಆರ್ ಇಟ್ಟದ್ದು ತನ್ನ ಚಟಕ್ಕಲ್ಲ. ಸರ್ಕಾರವೇ ಬೆನ್ನು ತಟ್ಟಿತ್ತು, ಕೈಯಲ್ಲಿ ನಾಲ್ಕು ಕಾಸನ್ನೂ ಇಟ್ಟಿತ್ತು.

2025ರ ಜುಲೈನಲ್ಲಿ ಬೇರೆ ಕಾಗದ ಬಂತು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿಯನ್ನು ಇಟ್ಟುಕೊಂಡು, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದಾರೆಂದು ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ನಮ್ಮ ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕೇಳಿದ ಸುದ್ದಿ ದೇಶದ ತುಂಬ ಓಡಾಡಿತು. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಶೇ 18. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬ್ಯಾಂಕಿಗೆ ಎಷ್ಟು ಹಣ ಬಂತೆಂದು ಯಂತ್ರಕ್ಕೆ ಗೊತ್ತಿತ್ತು, ಅದು ಬದನೆಕಾಯಿಯಿಂದ ಬಂದ ಹಣ ಎಂದು ಅದಕ್ಕೆ ಗೊತ್ತಿರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿಗಳು ಕಾಣಿಸಿಕೊಂಡವು. ಜುಲೈ 25ಕ್ಕೆ ಬಂದ್ ಕರೆ ಇತ್ತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಪ್ರತಿನಿಧಿಗಳನ್ನು ಕೂಡಿಸಿಕೊಂಡು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಆ ವಾರ ಹಳೇ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ನನಗೆ ಫೋನ್ ಮಾಡಿದ್ದರು. ಅವರಿಗೆ ನೋಟಿಸ್ ಬಂದಿರಲಿಲ್ಲ, ಹೆದರಿಕೆ ಬಂದಿತ್ತು. ‘ಯವ್ವಾ, ಪೇಪರಿನ್ಯಾಗ ರಾಜಿ ತೆರಿಗಿ ಅಂತ ಬರದಾರ. ನಾ ಯಾರ ಕೂಡ ಜಗಳಾ ಮಾಡೇನಂತ ರಾಜಿ ಆಗಬೇಕು?’ ಎಂದು ಕೇಳಿದರು.

ನಗುವ ಪ್ರಶ್ನೆ ಅಲ್ಲ ಇದು. ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಗೆ ಕಚೇರಿ ಕನ್ನಡದಲ್ಲಿ ‘ರಾಜಿ ತೆರಿಗೆ’ ಎನ್ನುತ್ತಾರೆ. ನಮ್ಮ ಕಡೆ ರಾಜಿ ಎಂದರೆ ಪಂಚರ ಮುಂದೆ ನಿಂತು ಜಗಳ ಮುಗಿಸಿಕೊಳ್ಳುವುದು, ಇಲ್ಲವೇ ಕೋರ್ಟಿನಲ್ಲಿ ದಂಡ ಕಟ್ಟಿ ಕೈತೊಳೆದುಕೊಳ್ಳುವುದು. ತಪ್ಪಿತಸ್ಥ ಎಂಬ ಭಾವ ಆ ಶಬ್ದದ ಬೆನ್ನಿಗೇ ಇದೆ. ಹಾಗಾಗಿ ತನಗೆ ಅನುಕೂಲವಾಗಲೆಂದು ಇರುವ ಪದ್ಧತಿಯನ್ನೇ ಒಬ್ಬ ಮರ್ಯಾದಸ್ಥ ವ್ಯಾಪಾರಿ ಅನುಮಾನದಿಂದ ನೋಡುತ್ತಾನೆ. ವಾಸ್ತವದಲ್ಲಿ ಅದರ ಅರ್ಥ ಸರಳ. ವರ್ಷದ ವಹಿವಾಟು 1.5 ಕೋಟಿ ರೂಪಾಯಿಯೊಳಗಿದ್ದರೆ, ಸರಕು ಮಾರುವವರು ಪ್ರತಿ ಬಿಲ್ಲಿನ ಲೆಕ್ಕ ಒಪ್ಪಿಸುವ ಬದಲು ತೆರಿಗೆ ಬೀಳುವ ಸರಕಿನ ವಹಿವಾಟಿನ ಶೇ 1ರಷ್ಟನ್ನು ಮೂರು ತಿಂಗಳಿಗೊಮ್ಮೆ ಕಟ್ಟಬಹುದು. ಇದಕ್ಕೆ ಎರಡು ಷರತ್ತುಗಳಿವೆ. ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ತಾನು ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹಿಂದೆ ಪಡೆಯುವಂತಿಲ್ಲ. ಇದನ್ನು ‘ಸರಳ ತೆರಿಗೆ’ ಎಂದೋ ‘ಒಟ್ಟು ತೆರಿಗೆ’ ಎಂದೋ ಕರೆದಿದ್ದರೆ ಕಾಕಾ ಜಗಳದ ಮಾತು ಎತ್ತುತ್ತಿರಲಿಲ್ಲ.

ಕ್ಯೂಆರ್ ಅಂಟಿಸುವ ದಿನವೇ ಹೇಳಬಹುದಾಗಿದ್ದ ಮಾತುಗಳು ಇನ್ನೂ ಇವೆ. ಒಂದೊಂದಾಗಿ ನೋಡಿ.

ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಕೇಳಲು ದೊಡ್ಡದು. 365ರಿಂದ ಭಾಗಿಸಿದರೆ ದಿನಕ್ಕೆ 11,000 ರೂಪಾಯಿಗಿಂತ ಸ್ವಲ್ಪ ಕಡಿಮೆ. ಹಾಲು, ಎಣ್ಣೆ, ಅಕ್ಕಿ ಇಟ್ಟ ಒಂದು ಓಣಿಯ ಅಂಗಡಿಗೆ ಅದು ದೂರದ ಮಾತಲ್ಲ. ಅದರಲ್ಲಿ ನೂರಕ್ಕೆ ಎಂಟು ರೂಪಾಯಿ ಉಳಿಯುತ್ತದೆ ಎಂದುಕೊಂಡರೂ ವರ್ಷಕ್ಕೆ ಕೈಗೆ ಸಿಗುವುದು 3.2 ಲಕ್ಷ, ಅದರಲ್ಲೇ ಬಾಡಿಗೆ, ಕರೆಂಟು. ಮಿತಿಯನ್ನು ಅಳೆಯುವುದು ವಹಿವಾಟಿನಿಂದ, ಲಾಭದಿಂದ ಅಲ್ಲ ಎಂಬ ಒಂದೇ ವಾಕ್ಯ ಎಷ್ಟು ಮಂದಿಗೆ ತಲುಪಿದೆ?

ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. ಕೂತು ತಿನ್ನುವ ಊಟ-ತಿಂಡಿಯನ್ನು ಕಾನೂನು ಸೇವೆ ಎಂದೇ ಎಣಿಸುತ್ತದೆ. ಹಾಗಾಗಿ ಗಿರಮಿಟ್-ಮಿರ್ಚಿ ಮಾಡಿ ಕೊಡುವ ಖಾನಾವಳಿಯವರಿಗೆ ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ ಆಯಿತೆಂದರೆ ಗೆರೆ ಬಂತು. ಅವರಿಗೆ ಕಾಂಪೊಸಿಷನ್ ದರವೂ ಶೇ 1 ಅಲ್ಲ, ಶೇ 5. ಪಕ್ಕದ ಕಿರಾಣಿಯವನ ಮಾತು ಕೇಳಿ ‘ನಲವತ್ತರ ತನಕ ಚಿಂತಿಲ್ಲ’ ಎಂದು ಕೂತವರು ಕೆಟ್ಟರು.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಗೊಂದಲದ್ದು. ತರಕಾರಿ, ಹಣ್ಣು, ಹಾಲಿನಂಥ ವಿನಾಯಿತಿ ಸರಕು ಮಾತ್ರ ಮಾರಿದರೆ ಎಷ್ಟೇ ವಹಿವಾಟಿದ್ದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜತೆ ಬಿಸ್ಕತ್ತು, ಸಾಬೂನು ಇಟ್ಟರೆ ಮಿತಿ ಲೆಕ್ಕ ಹಾಕುವಾಗ ಹಾಲಿನ ಹಣವೂ ಕೂಡುತ್ತದೆ. ತೆರಿಗೆ ಬೀಳುವುದು ಬಿಸ್ಕತ್ತಿಗೆ, ಗೆರೆ ದಾಟಿಸುವುದು ಹಾಲು.

ನಾಲ್ಕನೆಯದು ಹಣದ ಗುರುತು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ಮಗ ಬೆಂಗಳೂರಿನಿಂದ ಕಳಿಸಿದ್ದು, ಬೀಗರು ತೀರಿಸಿದ ಕೈಗಡ, ಪಕ್ಕದವರಿಗೆ ನಗದು ಕೊಟ್ಟು ಫೋನಿಗೆ ಹಾಕಿಸಿಕೊಂಡದ್ದು, ಎಲ್ಲ ಅದೇ ನಂಬರಿಗೆ ಬರುತ್ತವೆ. ನೋಡುವವರಿಗೆ ಎಲ್ಲವೂ ಜಮಾ. ಮನೆಯ ಖಾತೆ ಬೇರೆ, ಅಂಗಡಿಯ ಖಾತೆ ಬೇರೆ ಇಟ್ಟು, ಅಂಗಡಿಯ ಕ್ಯೂಆರ್ ಅನ್ನು ಅಂಗಡಿಯ ಖಾತೆಗೇ ಜೋಡಿಸಿದರೆ ಅರ್ಧ ತಲೆನೋವು ಹೋಗುತ್ತದೆ. ಉಳಿದರ್ಧಕ್ಕೆ ದಿನಾ ರಾತ್ರಿ ಒಂದು ಕೀರ್ದಿ ಬರೆದರೆ ಸಾಕು. ಇಂಥದ್ದು ಇಷ್ಟಕ್ಕೆ ಮಾರಿದೆ, ಇಷ್ಟು ನಗದು, ಇಷ್ಟು ಫೋನಿಗೆ, ಇಷ್ಟು ಉದ್ರಿ. ಇದಕ್ಕೆ ಆ್ಯಪ್ ಬೇಕೆಂದೇನಿಲ್ಲ, ನೂರು ಪುಟದ ನೋಟ್‌ಬುಕ್ಕೂ ನಡೆಯುತ್ತದೆ. ಹಾವೇರಿಯಂಥ ನೋಟಿಸಿಗೆ ಉತ್ತರ ಕೊಡಲು ಕೊನೆಗೆ ಬೇಕಾಗುವುದು ಇಂಥ ಬರಹವೇ.

‘ಡಿಜಿಟಲ್ ಆಗಿ’ ಎಂಬ ಮಾತಿನಷ್ಟೇ ಅಪಾಯದ್ದು ಅದಕ್ಕೆ ಎದುರಾಗಿ ಹುಟ್ಟಿದ ‘ನಗದೇ ತಗೊಳ್ರಿ’ ಎಂಬ ಸಲಹೆ. ಜಿಎಸ್‌ಟಿಯ ಮಿತಿಗೆ ನಗದೂ ಒಂದೇ, ಯುಪಿಐಯೂ ಒಂದೇ. ಕ್ಯೂಆರ್ ಕಿತ್ತೆಸೆದರೆ ದಾಖಲೆ ಮಾಯವಾದೀತು, ಹೊಣೆ ಮಾಯವಾಗದು. ಜತೆಗೆ ಒಂದು ಲಾಭವೂ ಕೈಬಿಡುತ್ತದೆ. ಆದಾಯ ತೆರಿಗೆಯಲ್ಲಿ 2 ಕೋಟಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆ. ಅದರಲ್ಲಿ ನಗದಾಗಿ ಬಂದ ಹಣದ ಶೇ 8ರಷ್ಟನ್ನು ಲಾಭ ಎಂದು ಹಿಡಿದರೆ, ಬ್ಯಾಂಕು-ಯುಪಿಐ ಮೂಲಕ ಬಂದದ್ದಕ್ಕೆ ಶೇ 6 ಸಾಕು. 40 ಲಕ್ಷಕ್ಕೆ ಒಂದು ಕಡೆ 3.2 ಲಕ್ಷ, ಇನ್ನೊಂದು ಕಡೆ 2.4 ಲಕ್ಷ. ನಾಳೆ ಬ್ಯಾಂಕಿಗೆ ಸಾಲಕ್ಕೆ ಹೋದಾಗಲೂ ತೋರಿಸಲು ಏನಾದರೂ ಇರಬೇಕಲ್ಲ. ಕೂಗುವ ಡಬ್ಬಿ ಮಾರಲು ಬಂದವರೂ ಈ 8-6ರ ಲೆಕ್ಕ ಹೇಳಲಿಲ್ಲ, ಅದನ್ನು ಕಿತ್ತೆಸೆಯಿರಿ ಎಂದವರೂ ಹೇಳಲಿಲ್ಲ.

ಸಣ್ಣ ಉದ್ಯಮಿಗಳಿಗಾಗಿ ಹುಬ್ಬಳ್ಳಿಯಲ್ಲಿ ನಡೆದ ಒಂದು ತರಬೇತಿಗೆ ನಾನೂ ಹೋಗಿದ್ದೆ. ಪರದೆಯ ಮೇಲೆ ಇಂಗ್ಲಿಷ್, ಬಾಯಲ್ಲಿ ಅರ್ಧ ಕನ್ನಡ. ‘ಬ್ರ್ಯಾಂಡ್ ಮಾಡ್ರಿ, ಇನ್‌ಸ್ಟಾಗ್ರಾಮ್‌ಗೆ ಹಾಕ್ರಿ, ಪುಣೆ, ಮುಂಬೈ ಎಲ್ಲಾ ನಿಮ್ಮ ಮಾರ್ಕೆಟ್’ ಎಂದು ಒಬ್ಬರು ಹುರುಪಿನಿಂದ ಹೇಳಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಒಬ್ಬ ಅಕ್ಕಾರು ಎದ್ದು ನಿಂತು, ‘ಪುಣೆಕ್ಕ ಕಳಿಸಿದ್ರ ಟ್ಯಾಕ್ಸ್ ಏನರ ಬೀಳತೈತೇನ್ರೀ ಸರ್?’ ಎಂದರು. ‘ಅದನ್ನ ನಿಮ್ಮ ಆಡಿಟರ್‌ಗೆ ಕೇಳ್ರಿ ಮೇಡಂ’ ಎಂದು ಉತ್ತರ ಬಂತು. ಆ ಅಕ್ಕಾರಿಗೆ ಆಡಿಟರ್ ಇದ್ದಿದ್ದರೆ ಆ ಕುರ್ಚಿಯಲ್ಲಿ ಯಾಕೆ ಕೂರುತ್ತಿದ್ದರು?

ಉತ್ತರ ಎರಡೇ ನಿಮಿಷದ್ದು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಇಲ್ಲ. ಬರೀ ರೊಟ್ಟಿ ಮಾರಿದರೆ ನೋಂದಣಿಯ ಪ್ರಶ್ನೆ ಏಳುವುದಿಲ್ಲ. ಆದರೆ ಅದರ ಜತೆ ಚಟ್ನಿ ಪುಡಿಯ ಪಾಕೀಟು ಇಟ್ಟು ಪುಣೆಗೆ ಕೊರಿಯರ್ ಮಾಡಿದ ದಿನ ಪರಿಸ್ಥಿತಿ ಬದಲಾಗುತ್ತದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ಮೊದಲ ಪಾಕೀಟಿನಿಂದಲೇ ನೋಂದಣಿ ಬೇಕು. ಕಾಂಪೊಸಿಷನ್ ಆರಿಸಿಕೊಂಡವರಂತೂ ಸರಕನ್ನು ಬೇರೆ ರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಅಂದರೆ ‘ಮುಂಬೈ ನಿಮ್ಮ ಮಾರ್ಕೆಟ್’ ಎಂಬ ಒಂದು ವಾಕ್ಯದ ಬೆನ್ನಿಗೆ ಒಂದು ನೋಂದಣಿ, ತಪ್ಪದೆ ಸಲ್ಲಿಸಬೇಕಾದ ರಿಟರ್ನ್, ಅದನ್ನು ತುಂಬಿಕೊಡುವವರ ಫೀ ಎಲ್ಲ ಬರುತ್ತವೆ. ಅಷ್ಟೆಲ್ಲ ತಿಳಿದ ಮೇಲೂ ಆ ಅಕ್ಕಾರು ಪುಣೆಗೆ ಕಳಿಸಬಹುದು, ಅದು ಅವರ ಧೈರ್ಯ. ಏನೂ ತಿಳಿಸದೆ ಅವರನ್ನು ಮುಂದೆ ದೂಡುವುದು ಹೇಳಿದವರ ಧೈರ್ಯ, ಪರರ ದುಡ್ಡಿನ ಮೇಲಿನ ಧೈರ್ಯ.

‘ತೆರಿಗೆ ಕಟ್ಟುವುದು ಎಲ್ಲರ ಕರ್ತವ್ಯ, ಕಾನೂನು ಗೊತ್ತಿಲ್ಲ ಎಂಬುದು ನೆಪ’ ಎನ್ನುವವರಿದ್ದಾರೆ. ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಗೆರೆ ದಾಟಿದವರು ತೆರಿಗೆ ಕಟ್ಟಲೇಬೇಕು. ಆ ತೆರಿಗೆಯಿಂದಲೇ ನನ್ನಂಥವರ ವಿಶ್ವವಿದ್ಯಾಲಯ ನಡೆಯುತ್ತದೆ. ಎರಡನೆಯ ಅರ್ಧಕ್ಕೆ ನನ್ನ ಪ್ರಶ್ನೆ ಇದೆ. ಕ್ಯೂಆರ್ ಅಂಟಿಸುವಾಗ ಅಂಗಡಿ ಅಂಗಡಿಗೆ ಹೋಗಲು ಜನ ಸಿಕ್ಕರು, ಹಾಡು, ಜಾಹೀರಾತು, ಕನ್ನಡದಲ್ಲೇ ಕೂಗುವ ಡಬ್ಬಿ ಎಲ್ಲ ಸಿಕ್ಕವು. ‘ನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಹೇಳಲು ಕನ್ನಡ ಬಂದ ವ್ಯವಸ್ಥೆಗೆ, ‘ನಿಮ್ಮ ಈ ವರ್ಷದ ವಹಿವಾಟು 30 ಲಕ್ಷ ದಾಟಿತು, ಇನ್ನು ಜೋಪಾನ’ ಎಂದು ಹೇಳಲು ಕನ್ನಡ ಯಾಕೆ ಬರಲಿಲ್ಲ? ನಾಲ್ಕು ವರ್ಷದ ಲೆಕ್ಕವನ್ನು ಒಟ್ಟಿಗೆ ತೆಗೆಯಬಲ್ಲ ಯಂತ್ರ, ಮೊದಲ ವರ್ಷದ ಕೊನೆಗೆ ಒಂದು ಎಸ್ಎಂಎಸ್ ಕಳಿಸಬಹುದಿತ್ತು.

ಈಗ ನಮ್ಮ ಬಳಗದ ಮಾತು. ನಾನು ಧಾರವಾಡದಲ್ಲಿ ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವವಳು. ನಮ್ಮಲ್ಲಿ ಕಾಯಕದ ಮೇಲೆ ಬರುವಷ್ಟು ಪ್ರಬಂಧಗಳು ಇನ್ಯಾವುದರ ಮೇಲೂ ಬರುವುದಿಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದವನು, ಸೂಜಿಕಾಯಕದ ರಾಮಿತಂದೆ ಬಟ್ಟೆ ಹೊಲಿದವನು, ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವನು ಎಂದು ಪ್ರತಿ ವಿಚಾರ ಸಂಕಿರಣದಲ್ಲೂ ಹೇಳುತ್ತೇವೆ. ಚಹಾ ವಿರಾಮದಲ್ಲಿ ಹೊರಗೆ ಬಂದರೆ ಎದುರಿಗೇ ಹೊಲಿಗೆ ಅಂಗಡಿ ಇರುತ್ತದೆ. ಅಲ್ಲಿ ಕೂತವರಿಗೆ 20 ಲಕ್ಷದ ಮಿತಿ ಗೊತ್ತಿದೆಯೇ ಎಂದು ಕೇಳುವವರು ಯಾರೂ ಇಲ್ಲ. ಕಾಯಕ ನಮಗೆ ಅಧ್ಯಯನದ ವಸ್ತು, ಕಾಯಕ ಮಾಡುವವರು ನಮ್ಮ ಓದುಗರಲ್ಲ.

‘ಇದೆಲ್ಲ ಸಾಹಿತ್ಯವೇ?’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಅವರಿಗೆ ರಾಜಾದಿತ್ಯನನ್ನು ನೆನಪಿಸಬೇಕಾಯಿತು. 12ನೇ ಶತಮಾನದಲ್ಲಿ ಆತ ‘ವ್ಯವಹಾರಗಣಿತ’ ಬರೆದ. ಕನ್ನಡದ ಮೊದಲ ಗಣಿತ ಗ್ರಂಥ ಎಂದು ಸಾಹಿತ್ಯ ಚರಿತ್ರೆಯಲ್ಲಿ ಅದನ್ನು ಓದಿಸುತ್ತೇವೆ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿಯೂ ಕೇಳುತ್ತೇವೆ. ಹೆಸರೇ ಹೇಳುವಂತೆ ಅದು ವ್ಯವಹಾರಕ್ಕೆ ಬೇಕಾದ ಲೆಕ್ಕದ ಪುಸ್ತಕ. ಎಂಟುನೂರು ವರ್ಷಗಳ ಹಿಂದೆ ಪದ್ಯ-ಗದ್ಯದಲ್ಲಿ ಲೆಕ್ಕ ಹೇಳಿಕೊಡಬಲ್ಲ ಭಾಷೆ, ಈಗ ‘ಟರ್ನೋವರ್’ ಎಂದರೇನೆಂದು ಹೇಳಲಾರದೆ ಕೂತಿದೆ ಎಂದರೆ ಅದು ಭಾಷೆಯ ಬಡತನವಲ್ಲ, ಭಾಷೆಯ ಹೆಸರಲ್ಲಿ ಸಂಬಳ ಪಡೆಯುವವರ ಅಸಡ್ಡೆ.

ಸಾಹಿತ್ಯಕ್ಕೂ ಅಂಗಡಿಗೂ ಸಂಬಂಧವಿಲ್ಲ ಎಂದು ಧಾರವಾಡದವರಂತೂ ಹೇಳಬಾರದು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯೂ ಒಂದು ಸಣ್ಣ ವ್ಯಾಪಾರವೇ. ಚಂದಾದಾರರನ್ನು ಕೂಡಿಸಿ, ಅವರ ಚಂದಾಹಣದ ಬಲದ ಮೇಲೆ ಪುಸ್ತಕ ತಂದದ್ದರಿಂದಲೇ ಅದು ಅಷ್ಟು ದಶಕ ಬಾಳಿತು. ಕನ್ನಡದ ದೊಡ್ಡ ಪುಸ್ತಕಗಳ ಹಿಂದೆ ಯಾರೋ ರಾತ್ರಿ ಕೂತು ಬರೆದ ಜಮಾ-ಖರ್ಚು ಇದೆ. ಆ ವಹಿಗಳನ್ನು ನಾವು ಯಾವತ್ತೂ ಓದುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಎಂಟು ಪುಟದ ಒಂದು ಹೊತ್ತಗೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡವೂ ಇದೆ, ವಾಣಿಜ್ಯಶಾಸ್ತ್ರವೂ ಇದೆ. ಎರಡೂ ಕಡೆಯ ವಿದ್ಯಾರ್ಥಿಗಳು ಒಂದು ಮೇಜಿಗೆ ಕೂತರೆ ತಿಂಗಳೊಳಗೆ ಆಗುವ ಕೆಲಸ. ವಾಣಿಜ್ಯದವರು ಸರಿ-ತಪ್ಪು ನೋಡಲಿ, ಕನ್ನಡದವರು ವಾಕ್ಯ ನೋಡಲಿ. ‘ರಾಜಿ’ಯಂಥ ಶಬ್ದ ಬಂದಲ್ಲಿ ಜನರ ಬಾಯಲ್ಲಿರುವ ಶಬ್ದ ಹುಡುಕಲಿ. ಮಿತಿ, ದರಗಳು ಬದಲಾಗುತ್ತವೆ, ಆದ್ದರಿಂದ ಮುಖಪುಟದ ಮೇಲೆ ದಿನಾಂಕ ಇರಲಿ, ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಲಿ. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಪುಕ್ಕಟೆ, ಅದಕ್ಕೆ ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ ಎಂಬಂಥ ಒಂದು ಸಾಲು ಕೂಡ ಎಷ್ಟೋ ಮಂದಿಯ ದುಡ್ಡು ಉಳಿಸುತ್ತದೆ. 1890ರಿಂದ ಕನ್ನಡದ ಕೆಲಸ ಮಾಡುತ್ತಿರುವ ವಿದ್ಯಾವರ್ಧಕ ಸಂಘದ ಅಂಗಳದಲ್ಲಿ ಅದು ಬಿಡುಗಡೆಯಾದರೆ ಚೆಂದ. ದೀಪಾವಳಿಗೆ ವಹಿ ಪೂಜೆ ಮಾಡುವ ಅಂಗಡಿಗಳಿಗೆ ಹೊಸ ವಹಿಯ ಜತೆ ಅದನ್ನೂ ತಲುಪಿಸಿದರೆ ಇನ್ನೂ ಚೆಂದ.

ಕೊನೆಗೆ ಒಂದು ನಿಯಮ. ಆ ಹೊತ್ತಗೆಯ ಹಿಂಬದಿಗೆ ಅದನ್ನು ಬರೆದವರ ಹೆಸರು, ಫೋನ್ ನಂಬರು ಇರಬೇಕು. ಸಲಹೆ ಕೊಟ್ಟವರನ್ನು ನಾಳೆ ಹುಡುಕಲು ಬರುವಂತಿರಬೇಕು. ‘ಇಂದು ನಗದು, ನಾಳೆ ಉದ್ರಿ’ ಎಂದು ಗೋಡೆಗೆ ಬರೆದುಕೊಂಡ ಅಂಗಡಿಗಳಲ್ಲೂ ಗುರುತಿದ್ದವರಿಗೆ ಉದ್ರಿ ಸಿಗುತ್ತದೆ, ಯಾಕೆಂದರೆ ಅವರ ಹೆಸರು ವಹಿಯಲ್ಲಿ ಇರುತ್ತದೆ. ಹೆಸರು ಬರೆಸದವರಿಗೆ ಅಂಗಡಿಯವರು ಕಾಲು ಕಿಲೋ ಸಕ್ಕರೆಯನ್ನೂ ಉದ್ರಿ ಕೊಡುವುದಿಲ್ಲ. ಸಲಹೆಯ ವಿಷಯದಲ್ಲೂ ಅವರು ಅಷ್ಟೇ ಬಿಗಿಯಾಗಿರಲಿ.